ನಾಲ್ಕನೇ ಗಂಟೆಯ ಪರಿಮಳ: ಬೆಚ್ಚನೆಯ ಮರಗಂಧ ಆರಿಸುವುದು, ಹಚ್ಚಿಕೊಳ್ಳುವುದು ಹೇಗೆ?

ಪರ್ಫ್ಯೂಮ್ ಕೊಳ್ಳುವವರಲ್ಲಿ ಹೆಚ್ಚಿನವರು ಕಾಗದದ ಪಟ್ಟಿ ಮೂಸಿ ಅರ್ಧ ನಿಮಿಷದಲ್ಲಿ ತೀರ್ಮಾನಕ್ಕೆ ಬಂದುಬಿಡುತ್ತಾರೆ. ನಿಂಬೆ, ಕಿತ್ತಳೆ ಜಾತಿಯ ಹಗುರ ಸುಗಂಧಗಳಿಗಾದರೆ ಈ ಅವಸರ ಹೇಗೋ ನಡೆದೀತು, ಅವುಗಳ ಸೊಗಸೆಲ್ಲ ಮೊದಲಲ್ಲೇ ಇರುತ್ತದೆ. ಮರದ ಕಂಪಿನ ಲೆಕ್ಕವೇ ಬೇರೆ. ಶ್ರೀಗಂಧ, ಸೀಡರ್, ಲಾವಂಚ, ಅದಕ್ಕೊಂದಿಷ್ಟು ವೆನಿಲಾದ ಸಿಹಿಯೋ ಸಾಂಬ್ರಾಣಿಯ ಅಂಟುಕಂಪೋ ಸೇರಿದ ಸುಗಂಧ ಮೈಮೇಲೆ ಕೂತು, ಮೇಲಿನ ಅಬ್ಬರವೆಲ್ಲ ಇಳಿದು, ಮೂರು ನಾಲ್ಕು ಗಂಟೆ ಕಳೆದ ಮೇಲೆ ಏನು ಉಳಿಯುತ್ತದೋ ಅದೇ ಅದರ ಗುಣ. ದಿನದ ಹೆಚ್ಚು ಹೊತ್ತು ನೀವು ಕಳೆಯುವುದೂ ಆ ಉಳಿದ ಭಾಗದ ಜೊತೆಗೇ. ಹಾಗಾಗಿ ಕೆಳಗಿನ ಹಂತಗಳೆಲ್ಲ ಒಂದೇ ಮಾತಿನ ಸುತ್ತ ಇವೆ: ನಾಲ್ಕನೇ ಗಂಟೆಯಲ್ಲಿ ಇಷ್ಟವಾಗುವುದನ್ನು ಆರಿಸಿ.

ಹಂತ 1: ಮರಗಳನ್ನು ಒಂದೊಂದಾಗಿ ಗುರುತು ಹಿಡಿಯಿರಿ

ಡಬ್ಬಿಯ ಮೇಲೆ 'ವುಡಿ' ಎಂದಷ್ಟೇ ಬರೆದಿದ್ದರೆ ಅದರಿಂದ ತಿಳಿಯುವುದು ಬಹಳ ಕಡಿಮೆ. ಒಣ ಸೀಡರ್ ಮೆಚ್ಚುವವರಿಗೆ ನುಣುಪಾದ ಶ್ರೀಗಂಧ ಸಪ್ಪೆ ಎನಿಸಬಹುದು, ಶ್ರೀಗಂಧ ಬಯಸುವವರಿಗೆ ಊದ್ ತಡೆಯಲಾರದಷ್ಟು ಘಾಟಾಗಬಹುದು. ನಿಮ್ಮ ಮರ ಯಾವುದು ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಹಾಗಾಗಿ ಈ ಹಂತಕ್ಕೆ ಸಾಕಷ್ಟು ಸಮಯ ಕೊಡಿ.

ಶ್ರೀಗಂಧದಿಂದ ಶುರು ಮಾಡಿ. ಸಾಂಟಾಲಮ್ ಆಲ್ಬಮ್ ಮರದ ಚೇಗಿನಿಂದಲೂ ಬೇರಿನಿಂದಲೂ ಭಟ್ಟಿ ಇಳಿಸುವ ಎಣ್ಣೆ ಇದು. ಆಲ್ಫಾ ಮತ್ತು ಬೀಟಾ ಸಾಂಟಲಾಲ್ ಎಂಬ ಎರಡು ಅಣುಗಳೇ ಇದರ ಜೀವಾಳ. ಐಎಸ್ಒ 3518 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಆಲ್ಫಾ ಶೇ. 41ರಿಂದ 55, ಬೀಟಾ ಶೇ. 16ರಿಂದ 24 ಇರಬೇಕು. ಹಾಲಿನ ಕೆನೆಯ ನುಣುಪು, ಸಣ್ಣ ಸಿಹಿ, ಅದರಡಿ ಒಣಮರದ ತೆಳು ಎಳೆ. ಇದು ಎಂದೂ ಕೂಗಾಡುವುದಿಲ್ಲ, ಆದರೆ ಮೈಬಿಟ್ಟು ಬೇಗ ಹೋಗುವುದೂ ಇಲ್ಲ. ಮರದಲ್ಲಿ ಚೇಗು ಬಲಿಯಲು ಬಹಳ ವರ್ಷ ಬೇಕು. ಕಡಿತ ಮಿತಿಮೀರಿದ್ದರಿಂದ 1998ರಿಂದ ಈ ಜಾತಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಐಯುಸಿಎನ್‌ನ ಅಪಾಯದ ಪಟ್ಟಿಯಲ್ಲಿದೆ. ಆದ್ದರಿಂದ ಬಾಟಲಿಯ ಮೇಲೆ 'ಸ್ಯಾಂಡಲ್‌ವುಡ್' ಎಂದಿದ್ದರೂ ಒಳಗಿರುವುದು ಆಸ್ಟ್ರೇಲಿಯಾದ ಸಾಂಟಾಲಮ್ ಸ್ಪಿಕೇಟಮ್ ಇರಬಹುದು, ಇಲ್ಲವೇ ಪ್ರಯೋಗಾಲಯದಲ್ಲಿ ಹುಟ್ಟಿದ ಜಾವನಾಲ್, ಸ್ಯಾಂಡಲೋರ್, ಎಬನಾಲ್‌ಗಳಲ್ಲಿ ಒಂದಿರಬಹುದು. ಇದನ್ನು ಮೋಸ ಎನ್ನಬೇಕಿಲ್ಲ. ಸ್ಪಿಕೇಟಮ್ ಸ್ವಲ್ಪ ಒಣಗು, ಜಾವನಾಲ್ ಬಲು ಗಟ್ಟಿಗ. ಆದರೆ 'ನನಗೆ ಶ್ರೀಗಂಧ ಇಷ್ಟ' ಎಂದು ಹೇಳುವ ಮುನ್ನ ನಿಮಗೆ ಇಷ್ಟವಾದದ್ದು ಇವುಗಳಲ್ಲಿ ಯಾವುದು ಎಂದು ನೋಡಿಕೊಳ್ಳುವುದು ಒಳ್ಳೆಯದು.

ಸೀಡರ್ ಹೆಸರಿನಲ್ಲಿ ಎರಡು ಬೇರೆ ಬೇರೆ ಮರಗಳು ಬರುತ್ತವೆ. ವರ್ಜೀನಿಯಾ ಸೀಡರ್ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಸೀಡರೇ ಅಲ್ಲ, ಜೂನಿಪರ್ ಜಾತಿಯದು. ಆಗಷ್ಟೇ ಚೂಪು ಮಾಡಿದ ಪೆನ್ಸಿಲ್ಲನ್ನು ಮೂಗಿಗೆ ಹಿಡಿದರೆ ಬರುವ ಒಣ, ಶುಭ್ರ ವಾಸನೆ ಇದರದ್ದೇ, ಪೆನ್ಸಿಲ್‌ಗಳನ್ನು ಬಹುಕಾಲ ಮಾಡುತ್ತಿದ್ದದ್ದೂ ಈ ಮರದಿಂದಲೇ. ಅಟ್ಲಾಸ್ ಸೀಡರ್ ಮಾತ್ರ ನಿಜವಾದ ಸೀಡರ್, ನಮ್ಮ ದೇವದಾರುವಿನ ದಾಯಾದಿ. ಉತ್ತರ ಆಫ್ರಿಕಾದ ಅಟ್ಲಾಸ್ ಬೆಟ್ಟಗಳ ಈ ಮರದ ಎಣ್ಣೆ ದಪ್ಪ, ಸಿಹಿ, ಎಲ್ಲೋ ಒಂದು ಕಡೆ ಚರ್ಮದ ವಾಸನೆಯನ್ನೂ ನೆನಪಿಸುತ್ತದೆ. ಬೆಚ್ಚನೆಯ ಸುಗಂಧ ಹುಡುಕುವವರು ಎರಡನೆಯದರ ಕಡೆ ನೋಡಬೇಕು.

ಲಾವಂಚ ಮರವಲ್ಲ, ಹುಲ್ಲಿನ ಬೇರು. ಆದರೂ ಸುಗಂಧಕಾರರು ಅದನ್ನು ಮರದ ಪಂಕ್ತಿಯಲ್ಲೇ ಕೂರಿಸುತ್ತಾರೆ. ಹೈಟಿಯ ಲಾವಂಚದ ಎಣ್ಣೆ ತಿಳಿ, ಶುಭ್ರ. ಜಾವಾದ್ದು ಹೊಗೆ ಹತ್ತಿದ ಹಾಗೆ. ಪಚೋಲಿಯೂ ಮರವಲ್ಲ, ಒಣಗಿಸಿದ ಎಲೆಯಿಂದ ಇಳಿಸುವ ಎಣ್ಣೆ. ಒದ್ದೆ ಮಣ್ಣು, ಹಳೆಯ ಪೆಟ್ಟಿಗೆ, ಸ್ವಲ್ಪ ಕಹಿ ಚಾಕೊಲೇಟು. ಪಚೋಲಿ ವಿಷಯದಲ್ಲಿ ಜನ ಎರಡು ಪಂಗಡ: ಒಲಿದವರು ಬಿಡುವುದಿಲ್ಲ, ಒಲ್ಲದವರು ಹತ್ತಿರ ಸುಳಿಯುವುದಿಲ್ಲ.

ಊದ್ ಅಥವಾ ಅಗರು ಎಲ್ಲಕ್ಕಿಂತ ಗಡಸು. ಅಕ್ವಿಲೇರಿಯಾ ಮರಕ್ಕೆ ಗಾಯವಾಗಿ ಶಿಲೀಂಧ್ರ ತಗುಲಿದಾಗ ಮರ ತನ್ನನ್ನು ಉಳಿಸಿಕೊಳ್ಳಲು ಕಪ್ಪು ರಾಳ ಸುರಿಸುತ್ತದೆ. ಆ ರಾಳ ಹಿಡಿದ ಮರವೇ ಅಗರು. ಆರೋಗ್ಯವಂತ ಮರಕ್ಕೆ ಈ ಕಂಪಿಲ್ಲ. ಕಾಡಿನ ಮರಗಳು ಕರಗುತ್ತಿರುವುದರಿಂದ ಅಕ್ವಿಲೇರಿಯಾದ ವ್ಯಾಪಾರ, ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಹತೋಟಿಯಲ್ಲಿದೆ. ಮಾರುಕಟ್ಟೆಯಲ್ಲಿ 'ಊದ್' ಹೆಸರಿನ ಬಾಟಲಿಗಳಲ್ಲಿ ಬಹುಪಾಲು ಕೃತಕ ಮಿಶ್ರಣವೇ. ಮೊದಲ ಮರಗಂಧವಾಗಿ ಊದ್ ಆರಿಸಬೇಡಿ ಎನ್ನುವುದು ನನ್ನ ಸಲಹೆ. ಉಳಿದವು ಮೂಗಿಗೆ ರೂಢಿಯಾದ ಮೇಲೆ ಅದರ ಬಳಿ ಹೋದರೆ ಹೆಚ್ಚು ರುಚಿಸುತ್ತದೆ.

ಹಂತ 2: ಬೆಚ್ಚಗಾಗುವುದು ಯಾವುದರಿಂದ ಎಂದು ತಿಳಿಯಿರಿ

ಬರೀ ಮರ ಸಾಮಾನ್ಯವಾಗಿ ಒಣಗು, ಕೆಲವೊಮ್ಮೆ ತಣ್ಣಗು. ಅದಕ್ಕೆ ಬಿಸುಪು ತರುವವರು ಬೇರೆಯವರು. ಮೊದಲನೆಯದು ವೆನಿಲಿನ್. 1874ರಲ್ಲಿ ಟೀಮನ್ ಮತ್ತು ಹಾರ್ಮನ್ ಇದನ್ನು ಪ್ರಯೋಗಾಲಯದಲ್ಲಿ ತಯಾರಿಸಿದ ಮೇಲೆ ಸುಗಂಧದ ಲೋಕವೇ ಬದಲಾಯಿತು. ಎರಡನೆಯದು ಟೊಂಕಾ ಬೀಜದ ಕೂಮರಿನ್, ಒಣ ಹುಲ್ಲಿನ ಸಿಹಿ ಘಮದ್ದು. ಇದನ್ನು 1868ರಲ್ಲಿ ವಿಲಿಯಂ ಪರ್ಕಿನ್ ಕೃತಕವಾಗಿ ತಯಾರಿಸಿದ. ಆಮೇಲೆ ಬೆಂಜೊಯಿನ್, ಲ್ಯಾಬ್ಡನಮ್‌ನಂಥ ಅಂಟುರಾಳಗಳು, ಏಲಕ್ಕಿ, ದಾಲ್ಚಿನ್ನಿ, ಕಾಳುಮೆಣಸಿನಂಥ ಮಸಾಲೆಗಳು.

ವಿವರಣೆಯಲ್ಲಿ 'ಆಂಬರ್' ಎಂದು ಕಂಡರೆ ಅದು ಸಾಮಾನ್ಯವಾಗಿ ಲ್ಯಾಬ್ಡನಮ್, ಬೆಂಜೊಯಿನ್, ವೆನಿಲಾ ಸೇರಿಸಿ ಕಟ್ಟಿದ ಒಂದು ಮಿಶ್ರಣ. ತಿಮಿಂಗಿಲದಿಂದ ಸಿಗುವ ಆಂಬರ್‌ಗ್ರಿಸ್‌ಗೂ ಅದಕ್ಕೂ ಸಂಬಂಧವಿಲ್ಲ. ಆಂಬ್ರಾಕ್ಸನ್ ಎಂದಿದ್ದರೆ ಮಾತ್ರ ಆಂಬರ್‌ಗ್ರಿಸ್‌ನ ಕಡೆಯ ವಾಸನೆ: ಉಪ್ಪುಪ್ಪಾದ, ಬಿಸಿಲಿಗೆ ಕಾದ ಚರ್ಮದ ಹಾಗೆ. ಅದನ್ನೂ ಈಗ ಹೆಚ್ಚಾಗಿ ಕ್ಲೇರಿ ಸೇಜ್ ಗಿಡದಿಂದ ಸಿಗುವ ಸ್ಕ್ಲೇರಿಯಾಲ್ ಎಂಬ ಪದಾರ್ಥದಿಂದ ತಯಾರಿಸುತ್ತಾರೆ.

ಈ ಸಿಹಿಯ ಪ್ರಮಾಣವೇ ಮರಗಂಧದ ಸ್ವಭಾವವನ್ನು ತೀರ್ಮಾನಿಸುತ್ತದೆ. ಹೆಚ್ಚಾದರೆ ಅದು ಸಿಹಿತಿಂಡಿಯ ಸಾಲಿಗೆ ಸೇರುತ್ತದೆ, ಮರ ಹಿಂದೆ ಸರಿಯುತ್ತದೆ. ಕಡಿಮೆಯಾದರೆ ಬಡಗಿಯ ಕೋಣೆ. ನಡುವೆ ಒಂದು ಕಿರಿದಾದ ಜಾಗವಿದೆ, ಅಲ್ಲಿ ಸಿಹಿಯನ್ನು ನೀವು ಗಮನಿಸುವುದಿಲ್ಲ, ಮರ ಮೃದುವಾಗಿದೆ ಎಂದಷ್ಟೇ ಅನಿಸುತ್ತದೆ. ಈ ಬಗೆಯ ಸುಗಂಧಗಳ ಆಕರ್ಷಣೆ ಇರುವುದೇ ಅಲ್ಲಿ. ಮೈಗೆ ಹಚ್ಚಿದ್ದು ಎನಿಸದೆ ಮೈಯದ್ದೇ ಘಮ ಎನಿಸುವ ಗುಣ.

ಪ್ರಯೋಗಾಲಯದ ಅಣುಗಳ ಬಗ್ಗೆಯೂ ಒಂದು ಮಾತು. ಸುಗಂಧದ ಪದಾರ್ಥ ತಯಾರಿಸುವ ಐಎಫ್ಎಫ್ ಕಂಪನಿಯಲ್ಲಿ 1970ರ ದಶಕದಲ್ಲಿ ಹುಟ್ಟಿದ ಐಸೋ ಇ ಸೂಪರ್ ಇಂದು ಲೆಕ್ಕವಿಲ್ಲದಷ್ಟು ಮರಗಂಧಗಳಲ್ಲಿದೆ. ಮಖಮಲ್ಲಿನಂಥ ಸೀಡರ್ ಅದರದ್ದು, ಬಂದು ಹೋಗಿ ಬಂದು ಹೋಗಿ ಮಾಡುತ್ತದೆ. ಕ್ಯಾಶ್ಮೆರಾನ್ ಮೃದು, ಸ್ವಲ್ಪ ಕಸ್ತೂರಿಯ ಛಾಯೆ. ಇವು ನನಗೆ ಒಪ್ಪಿಗೆ. ಆದರೆ ನಾರ್ಲಿಂಬನಾಲ್‌ನಂಥ ಒಣ 'ವುಡಿ ಆಂಬರ್' ಅಣುಗಳು ಹೆಚ್ಚಾದಾಗ ಮೂಗಿನೊಳಗೆ ಸೂಜಿ ಆಡಿಸಿದಂತಾಗುತ್ತದೆ. ಗಂಟೆಗಟ್ಟಲೆ ಕಳೆದರೂ ಆ ಚುಚ್ಚು ತಗ್ಗುವುದಿಲ್ಲ. ದೂರ ಹರಡಬೇಕು, ದಿನವಿಡೀ ಇರಬೇಕು ಎಂಬ ಹಟಕ್ಕೆ ಇತ್ತೀಚಿನ ಎಷ್ಟೋ ಸುಗಂಧಗಳು ಇವನ್ನು ಧಾರಾಳವಾಗಿ ಸುರಿಯುತ್ತಿವೆ. ಕೆಲವರ ಮೂಗಿಗೆ ಅದು ತಿಳಿಯುವುದೇ ಇಲ್ಲ, ಕೆಲವರಿಗೆ ತಲೆನೋವು. ನೀವು ಯಾವ ಕಡೆಯವರು ಎಂಬುದು ಕಾಗದದ ಮೇಲೆ ಗೊತ್ತಾಗುವ ಸಂಗತಿಯಲ್ಲ.

ಹಂತ 3: ಗಂಡಸರ ಕಪಾಟು, ಹೆಂಗಸರ ಕಪಾಟು ಎರಡನ್ನೂ ನೋಡಿ

ಮರ ಗಂಡಸರದ್ದು, ಹೂವು ಹೆಂಗಸರದ್ದು ಎಂಬುದು ಮಾರಾಟದ ಅನುಕೂಲಕ್ಕೆ ಹುಟ್ಟಿದ ವಿಂಗಡಣೆ. ಶ್ರೀಗಂಧವನ್ನು ನಡುವೆ ಕೂರಿಸಿದ ಶನೆಲ್‌ನ ಬ್ವಾ ದೆ ಝಿಲ್ 1926ರಲ್ಲಿ ಬಂದದ್ದು ಹೆಂಗಸರಿಗಾಗಿ, ಕಟ್ಟಿದವರು ಅರ್ನೆಸ್ಟ್ ಬೋ. 1989ರ ಗೆರ್ಲಾನ್‌ನ ಸಂಸಾರ ಕೂಡ ಹೆಂಗಸರಿಗೆಂದು ಬಂದ ಶ್ರೀಗಂಧ-ಮಲ್ಲಿಗೆಯ ಜೋಡಿ. 1992ರಲ್ಲಿ ಶಿಸೈಡೊ ತಂದ ಫೆಮಿನಿತೆ ದ್ಯು ಬ್ವಾ ಹೆಂಗಸರ ಸುಗಂಧವೊಂದನ್ನು ಸೀಡರ್ ಮೇಲೆಯೇ ಕಟ್ಟಿ ತೋರಿಸಿತು, ಮುಂದೆ ಬಂದ ಎಷ್ಟೋ ಮರಗಂಧಗಳಿಗೆ ದಾರಿಯಾಯಿತು. 1994ರ ಸಿಕೆ ಒನ್ ಯುನಿಸೆಕ್ಸ್ ಎಂಬ ಮಾತನ್ನು ಎಲ್ಲರ ಬಾಯಿಗೆ ತಂದಿತು, ಆದರೆ ಅದು ನಿಂಬೆ-ಹಸಿರು ಕಡೆಯದು, ಬೆಚ್ಚಗಿನದ್ದಲ್ಲ. ಮರದ ಕಡೆ ಆ ಮಾತು ಗಟ್ಟಿಯಾಗಿ ಕೂತದ್ದು ಆಮೇಲೆ: ಡಿಪ್ಟಿಕ್‌ನ ತಾಮ್ ದಾವೊ 2003ರಲ್ಲಿ, ಟಾಮ್ ಫೋರ್ಡ್‌ನ ಊದ್ ವುಡ್ 2007ರಲ್ಲಿ, ಲೆ ಲಾಬೊದ ಸಾಂಟಲ್ 33 2011ರಲ್ಲಿ.

ಯುನಿಸೆಕ್ಸ್ ಎಂದು ಬರೆದ ಮಾತ್ರಕ್ಕೆ ಎಲ್ಲರಿಗೂ ಒಗ್ಗುತ್ತದೆ ಎಂದೇನಿಲ್ಲ. ಲ್ಯಾವೆಂಡರ್, ಕಲ್ಲುಹೂವಿನ ಜಾತಿಯ ಓಕ್‌ಮಾಸ್ ಸೇರಿ ಕ್ಷೌರದಂಗಡಿಯ ನೆನಪು ತರುವ ಮರಗಂಧ ಗಂಡಸರ ಕಡೆ ವಾಲುತ್ತದೆ, ಬಿಳಿ ಹೂಗಳು ದಟ್ಟವಾದರೆ ಇನ್ನೊಂದು ಕಡೆ. ಈ ವಾಲುವಿಕೆಯೂ ರೂಢಿಯಿಂದ ಬಂದದ್ದೇ. ಹೀಗೆ ಮಾಡಿ: ಡಬ್ಬಿ ನೋಡದೆ, ಬೇರೊಬ್ಬರ ಕೈಯಲ್ಲಿ ಪಟ್ಟಿಗೆ ಹೊಡೆಸಿ ಮೂಸಿ. ಇಷ್ಟವಾದದ್ದು ಯಾವ ಕಪಾಟಿನದ್ದು ಎಂದು ಆಮೇಲೆ ಕೇಳಿ.

ಹಂತ 4: ವಿವರಣೆಯನ್ನು ಬುಡದಿಂದ ಓದಿ

ಸುಗಂಧದ ವಿವರಣೆಯಲ್ಲಿ ಮೇಲಿನ, ನಡುವಿನ, ತಳದ ಎಂದು ಮೂರು ಸಾಲು ವಾಸನೆಯ ಎಳೆಗಳು, ಅಂದರೆ ನೋಟ್‌ಗಳಿರುತ್ತವೆ. ಮರಗಂಧವಾದರೆ ಕೊನೆಯ ಸಾಲಿನಿಂದ ಓದಿ. ಕಾರಣ ಸರಳ: ಕಿತ್ತಳೆ ಸಿಪ್ಪೆಯ ಲಿಮೊನೀನ್ ಅಣುವಿನ ತೂಕ 136, ಸಾಂಟಲಾಲ್‌ನದ್ದು 220, ಐಸೋ ಇ ಸೂಪರ್‌ನದ್ದು 234. ಹಗುರದ್ದು ಬೇಗ ಹಾರಿಹೋಗುತ್ತದೆ, ಭಾರದ್ದು ಚರ್ಮ ಹಿಡಿದು ಕೂರುತ್ತದೆ. ಆವಿಯಾಗುವ ವೇಗಕ್ಕೆ ತೂಕವೊಂದೇ ಕಾರಣವಲ್ಲ, ಆದರೂ ಸ್ಥೂಲವಾಗಿ ಈ ಲೆಕ್ಕ ಸರಿ.

ಈ ಪಟ್ಟಿ ಪದಾರ್ಥಗಳ ಪಟ್ಟಿಯಲ್ಲ ಎನ್ನುವುದು ನೆನಪಿರಲಿ. 'ತೇಗ', 'ಬಿಸಿಲಿಗೆ ಒಣಗಿದ ತೊಗಟೆ' ಎಂದೆಲ್ಲ ಬರೆದಿರುತ್ತಾರೆ, ಅಂಥ ಎಣ್ಣೆ ಒಳಗಿರಲೇಬೇಕೆಂದಿಲ್ಲ. ಅದು ಸುಗಂಧಕಾರ ಯಾವ ಭಾವ ತರಲು ಹೊರಟ ಎಂಬುದರ ಸೂಚನೆ. ನಂಬಬಹುದಾದ ಸುಳಿವು ಡಬ್ಬಿಯ ಹಿಂದಿನ ಸಣ್ಣಕ್ಷರಗಳಲ್ಲಿದೆ. ಕೂಮರಿನ್ ಎಂದಿದ್ದರೆ ಟೊಂಕಾದಂಥ ಬಿಸುಪು ಇರಬಹುದು, ಲಿಮೊನೀನ್, ಲಿನಲೂಲ್ ಎಂದಿದ್ದರೆ ಮೇಲ್ಭಾಗ ಹಗುರ ಎಂದು ಊಹಿಸಬಹುದು. ಯೂರೋಪಿನ ನಿಯಮ ಮೊದಲು ಇಂಥ 26 ಅಲರ್ಜಿಕಾರಕಗಳನ್ನು ಹೆಸರಿಸಬೇಕೆಂದಿತ್ತು, 2023ರಲ್ಲಿ ಆ ಪಟ್ಟಿ ಇನ್ನಷ್ಟು ಉದ್ದವಾಗಿದೆ.

ಹಂತ 5: ಕಾಗದ ಬೇಡದ್ದನ್ನು ಬಿಡಲು ಮಾತ್ರ

ಒಂದು ಸಲಕ್ಕೆ ಮೂರು ಅಥವಾ ನಾಲ್ಕು ಸುಗಂಧ ಸಾಕು. ಪಟ್ಟಿಯ ಮೇಲೆ ಹೆಸರು ಬರೆದುಕೊಂಡು ಒಂದೆರಡು ಅಡಿ ದೂರದಿಂದ ಹೊಡೆಯಿರಿ, ಆಲ್ಕೊಹಾಲ್ ಆರುವವರೆಗೆ ಮೂಗಿನ ಬಳಿ ತರಬೇಡಿ. ಹತ್ತು ನಿಮಿಷ ಬಿಟ್ಟು ಒಮ್ಮೆ, ಸಂಜೆ ಒಮ್ಮೆ ಮೂಸಿ. ಸಂಜೆಗೂ ಮುಖ ತಿರುಗಿಸುವಂತಿರುವುದನ್ನು ಬದಿಗಿಡಿ. ಕಾಗದದಿಂದ ಇದಕ್ಕಿಂತ ಹೆಚ್ಚು ಕೇಳಬೇಡಿ, ಅದಕ್ಕೆ ಮೈಯ ಬಿಸಿಯೂ ಇಲ್ಲ, ಜಿಡ್ಡೂ ಇಲ್ಲ.

ನಡುನಡುವೆ ಮೂಗು ತೊಳೆಯಲು ಕಾಫಿ ಬೀಜ ಕೊಡುತ್ತಾರಲ್ಲ, ಅದರಿಂದ ವಿಶೇಷ ಲಾಭವಿಲ್ಲ. 2011ರಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗದಲ್ಲಿ ಕಾಫಿ ಬೀಜ ಬರೀ ಗಾಳಿಗಿಂತ ಹೆಚ್ಚೇನೂ ಮಾಡಲಿಲ್ಲ. ಹೊರಗೆ ಹೋಗಿ ನಾಲ್ಕು ಉಸಿರು ಎಳೆದುಕೊಳ್ಳಿ, ಇಲ್ಲವೇ ಏನೂ ಹಚ್ಚದ ನಿಮ್ಮದೇ ಮೊಣಕೈ ಮೂಸಿ.

ಹಂತ 6: ಮೈಮೇಲೆ ಒಂದು ಇಡೀ ದಿನ

ಈ ಹಂತವನ್ನು ದಾಟಿಸಿ ಬಾಟಲಿ ಕೊಳ್ಳಬೇಡಿ. ಸ್ಯಾಂಪಲ್ ತಂದುಕೊಳ್ಳಿ, ಅಥವಾ ಅಂಗಡಿಯಲ್ಲೇ ಮುಂಗೈಯ ಒಳಭಾಗಕ್ಕೆ ಒಂದು ಸಲ ಹೊಡೆದುಕೊಂಡು ಹೊರಟುಬಿಡಿ. ಬೇರೆ ವಾಸನೆಯ ಸೋಪು, ಕ್ರೀಮು ಅಂದು ಬೇಡ. ಒಂದು ಕೈಗೆ ಒಂದೇ ಸುಗಂಧ. ಮೈಗೆ ಸುಗಂಧ ಆಗಿಬರದವರು ಮೊದಲು ಮೊಣಕೈ ಮಡಿಕೆಗೆ ಚೂರು ಹಚ್ಚಿ ಒಂದು ದಿನ ಕಾದು ನೋಡಬೇಕು. ಶ್ರೀಗಂಧ, ಸೀಡರ್ ಎಣ್ಣೆಗಳು ನೈಸರ್ಗಿಕ ಎಂಬ ಕಾರಣಕ್ಕೆ ತುರಿಕೆ ತರುವುದಿಲ್ಲ ಎಂದೇನೂ ಇಲ್ಲ.

ಮೊದಲ ಕಾಲು ಗಂಟೆ ಏನನ್ನೂ ತೀರ್ಮಾನಿಸಬೇಡಿ. ಬೆರ್ಗಮಾಟ್, ಮೆಣಸು, ಏಲಕ್ಕಿಗಳ ಸಂತೆ ಅದು. ಕೊಳ್ಳುವವರನ್ನು ಒಲಿಸಿಕೊಳ್ಳಲೆಂದೇ ಕೆಲವರು ಈ ಭಾಗಕ್ಕೆ ಹೆಚ್ಚು ದುಡಿದಿರುತ್ತಾರೆ ಎನ್ನುವುದು ನನ್ನ ಗುಮಾನಿ.

ಅರ್ಧ ಗಂಟೆಯಿಂದ ಎರಡು ಗಂಟೆಯವರೆಗೆ ನಡುವಿನ ಭಾಗ ಬಿಚ್ಚಿಕೊಳ್ಳುತ್ತದೆ. ಇಲ್ಲಿ ಐರಿಸ್ ಇದ್ದರೆ ಪೌಡರಿನಂಥ ಒಣ ಮೃದುತ್ವ, ಗುಲಾಬಿ ಇದ್ದರೆ ಮರಕ್ಕೆ ಒಂದಿಷ್ಟು ಕೆಂಪು. ಗಮನಿಸಬೇಕಾದದ್ದು ಒಂದೇ, ಹೂವೋ ಮಸಾಲೆಯೋ ಮರದ ಜೊತೆ ಬೆರೆಯುತ್ತಿದೆಯೇ, ಅಥವಾ ಎರಡೂ ಬೇರೆ ಬೇರೆ ಮೂಲೆಯಲ್ಲಿ ನಿಂತಿವೆಯೇ?

ನಾಲ್ಕನೇ ಗಂಟೆಗೆ ನಿಜವಾದ ಪರೀಕ್ಷೆ. ಬೇರೆ ಕೆಲಸದಲ್ಲಿದ್ದಾಗ ತಾನಾಗಿ ಮೂಗಿಗೆ ಬಂದಾಗ ಹೇಗನಿಸಿತು ಎಂದು ನೋಡಿ, ಮಣಿಕಟ್ಟಿಗೆ ಮೂಗು ಒತ್ತಿ ಹುಡುಕಿದಾಗಿನ ಅನಿಸಿಕೆಗಿಂತ ಅದು ಹೆಚ್ಚು ಪ್ರಾಮಾಣಿಕ. ಈ ಹೊತ್ತಿಗೆ ಒಳ್ಳೆಯ ಮರಗಂಧ ಚರ್ಮಕ್ಕೆ ಹತ್ತಿರ ಬಂದಿರುತ್ತದೆ, ಕೋಣೆ ತುಂಬುವುದಿಲ್ಲ, ಪಕ್ಕ ಕೂತವರಿಗೆ ಮಾತ್ರ ತಿಳಿಯುತ್ತದೆ. ಮರದಲ್ಲಿ ನುಣುಪಿದೆಯೇ, ಸಿಹಿ ಜಿಡ್ಡಾಗಿದೆಯೇ, ಹಿಂದೆ ಹೇಳಿದ ಆ ಸೂಜಿಯ ಚುಚ್ಚು ಉಳಿದಿದೆಯೇ? ಕೊನೆಯದಕ್ಕೆ ಹೌದು ಎಂದಾದರೆ ಆ ಬಾಟಲಿ ನಿಮ್ಮದಲ್ಲ, ಯಾರು ಎಷ್ಟೇ ಹೊಗಳಿರಲಿ.

ಮೈಯಿಂದ ಮೈಗೆ ವ್ಯತ್ಯಾಸ ಎಷ್ಟು? ಜನ ಹೇಳುವಷ್ಟು ಮಾಯವೇನೂ ಇಲ್ಲ, ಶ್ರೀಗಂಧ ಒಬ್ಬರ ಮೈಮೇಲೆ ಗುಲಾಬಿಯಾಗುವುದಿಲ್ಲ. ಒಣ ಚರ್ಮದಿಂದ ಸುಗಂಧ ಬೇಗ ಹಾರುತ್ತದೆ, ಜಿಡ್ಡಿನ ಚರ್ಮ ಹಿಡಿದಿಟ್ಟುಕೊಳ್ಳುತ್ತದೆ, ಮೈ ಬಿಸಿಯಾದಷ್ಟೂ ಸಿಹಿ ಮುಂದೆ ಬರುತ್ತದೆ. ಎರಡನೇ ಸಲ ಬೇರೆ ಹವೆಯ ದಿನ ಹಚ್ಚಿ ನೋಡುವುದು ಇದಕ್ಕಾಗಿಯೇ.

ಮರುದಿನ ಬೆಳಿಗ್ಗೆ ಅಂಗಿಯ ತೋಳು ಮೂಸುವುದನ್ನು ಮರೆಯಬೇಡಿ. ಬಟ್ಟೆಯ ಮೇಲೆ ತಳದ ನೋಟ್‌ಗಳು ದಿನಗಟ್ಟಲೆ ಉಳಿಯುತ್ತವೆ. ಅದು ಹಿತವೆನಿಸಿದರೆ ನಿಶ್ಚಿಂತೆ.

ಹಂತ 7: ಮೂಗನ್ನು ಪೂರ್ತಿ ನಂಬಬೇಡಿ

ಒಂದೇ ವಾಸನೆಯ ನಡುವೆ ಇದ್ದರೆ ಮೂಗು ಕೆಲವೇ ನಿಮಿಷಗಳಲ್ಲಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ಬಿಡುತ್ತದೆ. ಮರಗಂಧಗಳಲ್ಲಿ ಇದು ಇನ್ನೂ ಜಾಸ್ತಿ. ಭಾರದ ಅಣುಗಳಾದ ಐಸೋ ಇ ಸೂಪರ್, ಆಂಬ್ರಾಕ್ಸನ್, ಕೆಲವು ಕಸ್ತೂರಿಗಳು ಒಂದಷ್ಟು ಜನರ ಮೂಗಿಗೆ ತಾಕುವುದೇ ಇಲ್ಲ. 2006ರಲ್ಲಿ ಬಂದ ಮಾಲಿಕ್ಯೂಲ್ 01 ಎಂಬ ಸುಗಂಧದಲ್ಲಿ ಆಲ್ಕೊಹಾಲ್ ಬಿಟ್ಟರೆ ಇರುವುದು ಐಸೋ ಇ ಸೂಪರ್ ಒಂದೇ. ಬಾಟಲಿ ಖಾಲಿ ನೀರಿನಂತಿದೆ ಎಂದು ದೂರುವವರೂ ಉಂಟು, ಮೈಮರೆಯುವವರೂ ಉಂಟು. ನಿಮ್ಮ ಮೂಗಿನ ಕುರುಡನ್ನು ಪತ್ತೆ ಮಾಡಲು ಅದನ್ನೊಮ್ಮೆ ಮೂಸುವುದು ಒಳ್ಳೆಯ ಉಪಾಯ.

'ಇದು ಉಳಿಯುವುದೇ ಇಲ್ಲ' ಎನ್ನುವ ಮೊದಲು ಮನೆಯಲ್ಲಿ ಯಾರನ್ನಾದರೂ ಕೇಳಿ. ಕೇಳುವಾಗ 'ಚೆನ್ನಾಗಿದೆಯಾ' ಎನ್ನಬೇಡಿ, 'ಇನ್ನೂ ಬರ್ತಿದೆಯಾ' ಎಂದಷ್ಟೇ ಕೇಳಿ. ನಿಮಗೆ ತಿಳಿಯುತ್ತಿಲ್ಲವೆಂದು ಮಧ್ಯಾಹ್ನ ಮತ್ತೆ ಮೂರು ಸಲ ಹೊಡೆದುಕೊಂಡರೆ ಅನುಭವಿಸುವವರು ಅಕ್ಕಪಕ್ಕದವರು.

ಹಂತ 8: ಎಷ್ಟು, ಎಲ್ಲಿ, ಯಾವಾಗ

ಓ ದ ತ್ವಾಲೆತ್‌ನಲ್ಲಿ ಸುಗಂಧದ ಸಾರ ಸುಮಾರು ಶೇ. 5ರಿಂದ 15, ಓ ದ ಪರ್ಫಾಮ್‌ನಲ್ಲಿ 15ರಿಂದ 20, ಪರ್ಫಾಮ್ ಎಂದರೆ ಅದಕ್ಕೂ ಮೇಲೆ. ಈ ಗೆರೆಗಳನ್ನು ಯಾವ ಕಾನೂನೂ ಎಳೆದಿಲ್ಲ, ಕಂಪನಿಯಿಂದ ಕಂಪನಿಗೆ ಬದಲಾಗುತ್ತವೆ. ಒಂದೇ ಹೆಸರಿನ ತ್ವಾಲೆತ್ ಮತ್ತು ಪರ್ಫಾಮ್ ಎಷ್ಟೋ ಸಲ ಬೇರೆ ಬೇರೆ ಸೂತ್ರಗಳೇ ಆಗಿರುತ್ತವೆ. ಮರಗಂಧದಲ್ಲಿ ತ್ವಾಲೆತ್ ಹೆಚ್ಚು ಗಾಳಿಯಾಡುವಂತಿರುತ್ತದೆ, ಪರ್ಫಾಮ್ ಸಿಹಿ ಮತ್ತು ರಾಳದ ಕಡೆ ಹೋಗುತ್ತದೆ. ದುಬಾರಿಯದ್ದೇ ಒಳ್ಳೆಯದು ಎಂದುಕೊಳ್ಳದೆ ಎರಡನ್ನೂ ಹಚ್ಚಿ ನೋಡಿ.

ಸ್ನಾನ ಮುಗಿಸಿ, ವಾಸನೆಯಿಲ್ಲದ ಕ್ರೀಮ್ ತೆಳ್ಳಗೆ ಹಚ್ಚಿ, ಅದರ ಮೇಲೆ ಸುಗಂಧ. ಎರಡು ಸಲ ಹೊಡೆದರೆ ಸಾಕು: ಒಂದು ಎದೆಗೆ, ಇನ್ನೊಂದು ಕತ್ತಿನ ಹಿಂಭಾಗಕ್ಕೆ. ಎದೆಗೆ ಹೊಡೆದದ್ದು ಅಂಗಿಯೊಳಗಿನ ಬಿಸಿಗೆ ನಿಧಾನವಾಗಿ ಮೇಲೇರುತ್ತದೆ, ಬೆಚ್ಚನೆಯ ಮರಗಂಧಕ್ಕೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಮಣಿಕಟ್ಟು ಉಜ್ಜಿದರೆ ಅಣುಗಳು ನುಜ್ಜುಗುಜ್ಜಾಗುತ್ತವೆ ಎಂಬುದು ಕಟ್ಟುಕಥೆ. ಬಿಸಿಗೆ ಮೇಲಿನ ನೋಟ್‌ಗಳು ತುಸು ಬೇಗ ಹಾರುತ್ತವೆ, ಅಷ್ಟೇ. ಬಟ್ಟೆಗೆ ಹೊಡೆಯುವುದಾದರೆ ಒಳಮಗ್ಗುಲಿಗೆ. ವೆನಿಲಾ, ಪಚೋಲಿ, ಲ್ಯಾಬ್ಡನಮ್ ಹೆಚ್ಚಿರುವ ಸುಗಂಧಗಳಿಗೆ ಬಣ್ಣವಿರುತ್ತದೆ, ಬಿಳಿ ಬಟ್ಟೆ ಮತ್ತು ರೇಷ್ಮೆಯ ಮೇಲೆ ಕಲೆ ಬಿಡಬಹುದು. ಆರುವವರೆಗೆ ಬೆಂಕಿಯಿಂದ ದೂರವಿರಿ, ಬಾಟಲಿಯಲ್ಲಿರುವುದು ಬಹುಪಾಲು ಆಲ್ಕೊಹಾಲ್.

ತಂಪು ಹವೆಯಲ್ಲಿ ಈ ಸುಗಂಧಗಳು ಅರಳುವ ರೀತಿಯೇ ಬೇರೆ. ಸೆಕೆಯಲ್ಲಿ ಅದೇ ಬಾಟಲಿಯ ಸಿಹಿ ಉಬ್ಬಿ ಉಸಿರು ಕಟ್ಟಿಸಬಹುದು. ಬೇಸಿಗೆಯಲ್ಲಿ ಬಿಡಬೇಕೆಂದಿಲ್ಲ, ಒಂದೇ ಸಲ ಹೊಡೆಯಿರಿ, ಅಥವಾ ಲಾವಂಚ, ಒಣ ಸೀಡರ್ ಮುಂದಿರುವ, ವೆನಿಲಾ ಕಡಿಮೆಯಿರುವ ಮರಗಂಧಕ್ಕೆ ಬದಲಾಯಿಸಿ. ಲಿಫ್ಟು, ಕಾರು, ಸಭೆಯ ಕೋಣೆಯಂಥ ಮುಚ್ಚಿದ ಜಾಗಕ್ಕೆ ಹೋಗುವುದಿದ್ದರೆ ಅರ್ಧ ಗಂಟೆ ಮೊದಲೇ ಹಚ್ಚಿಕೊಳ್ಳಿ. ಆಸ್ಪತ್ರೆಗೆ ಹೋಗುವ ದಿನ ಬೇಡವೇ ಬೇಡ.

ಇಬ್ಬರು ಒಂದೇ ಬಾಟಲಿ ಹಂಚಿಕೊಳ್ಳುವುದು ಯುನಿಸೆಕ್ಸ್ ಸುಗಂಧದ ದೊಡ್ಡ ಅನುಕೂಲ. ಹಂಚಿಕೊಳ್ಳುವವರು ಹಂತ 6ನ್ನು ಬೇರೆ ಬೇರೆಯಾಗಿಯೇ ಮಾಡಿ. ಒಬ್ಬರ ಒಣ ಚರ್ಮಕ್ಕೆ ಮೂರು ಸಲ ಬೇಕಾದದ್ದು ಇನ್ನೊಬ್ಬರಿಗೆ ಒಂದೇ ಸಲಕ್ಕೆ ಹೆಚ್ಚಾಗಬಹುದು.

ಹಂತ 9: ಬಾಟಲಿಯನ್ನು ಕತ್ತಲಲ್ಲಿ ಇಡಿ

ಬೆಳಕು, ಬಿಸಿ, ಗಾಳಿ ಮೂರೂ ಶತ್ರುಗಳು. ಬಚ್ಚಲುಮನೆಯ ಕಪಾಟಾಗಲಿ ಕಿಟಕಿಯ ಪಕ್ಕದ ಮೇಜಾಗಲಿ ಬೇಡ, ಡಬ್ಬಿಯೊಳಗೇ ಇಟ್ಟು ಬೀರುವಿನಲ್ಲಿ ಸೇರಿಸಿ. ಮರಗಂಧಗಳು ಬೇರೆಯವಕ್ಕಿಂತ ಚೆನ್ನಾಗಿ ಬಾಳುತ್ತವೆ. ಹಳತಾದಾಗ ಮೊದಲು ಸೊರಗುವುದು ಮೇಲಿನ ನಿಂಬೆಯ ಭಾಗ, ತಳ ಗಟ್ಟಿಯಾಗಿಯೇ ಇರುತ್ತದೆ. ವೆನಿಲಿನ್ ಇರುವ ದ್ರವ ವರ್ಷಗಳಲ್ಲಿ ತಿಳಿ ಹಳದಿಯಿಂದ ಕಂದು ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ, ಅದು ಸಹಜ. ಹೊಡೆದಾಗ ಮೊದಲ ಕ್ಷಣ ಹುಳಿಯೋ ಲೋಹದಂಥ ವಾಸನೆಯೋ ಬಂದರೂ ಕೂಡಲೇ ಎಸೆಯಬೇಡಿ. ಹತ್ತು ನಿಮಿಷ ಕಾಯಿರಿ, ಹಲವು ಸಲ ಅದರ ಕೆಳಗೆ ಮರ ಹಾಗೇ ಇರುತ್ತದೆ. ಆ ಹುಳಿ ಗಂಟೆ ಕಳೆದರೂ ಇಳಿಯದಿದ್ದರೆ ಮೈಗೆ ಹಚ್ಚುವುದನ್ನು ನಿಲ್ಲಿಸಿ.